ರೂತಮ್ಮನ ಹೆಬ್ಬೆಟ್ಟು

ಇನ್ನೂ ಬೆಳಕು ಹರಿದಿಲ್ಲ. ಪ್ರಾರ್ಥನೆ ಮನೆಯ ಮುಂದಿನ ಹುಣಸೆ ಮರಕ್ಕೆ ಗಂಟೆಯಂತೆ ತೂಗುಹಾಕಿದ ರೈಲು ಕಂಬಿಯ ತುಂಡಿಗೆ ರೂತಮ್ಮ ಮೂರು ಏಟು ಹಾಕುತ್ತಾರೆ, ನಿಂತು ಕಿವಿಗೊಡುತ್ತಾರೆ, ಮತ್ತೆ ಮೂರು ಹಾಕುತ್ತಾರೆ. ನಡುವೆ ನಿಲ್ಲುವುದು ಭಕ್ತಿಗಲ್ಲ, ಆನೆಗೆ. ಅಂಚೆಟ್ಟಿ ಕಡೆಯ ಕಾಡಂಚಿನಲ್ಲಿ ಪ್ರಾರ್ಥನೆಗೆ ಜನರಿಗಿಂತ ಮೊದಲು ಆನೆ ಬಂದದ್ದೂ ಉಂಟು. ಸದ್ದಿಲ್ಲವೆಂದು ಖಾತರಿಯಾದ ಮೇಲೆ ಅವರು ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೇರಿಗೆ ಇಳಿಯುತ್ತಾರೆ.

ಊರ ಕ್ರೈಸ್ತ ಸಭೆಯನ್ನು ನೋಡಿಕೊಳ್ಳುವ ರೂತಮ್ಮನಿಗೆ ಇದು ಪ್ರತಿ ಗುರುವಾರದ ಕೆಲಸ. ಊರಿನಲ್ಲಿರುವುದು ಹತ್ತೊಂಬತ್ತು ಕ್ರೈಸ್ತ ಮನೆಗಳು. ಮನೆಯ ಹೆಂಗಸು ದಿನವೂ ಬೀಸುಕಲ್ಲಿಗೆ ಹಾಕುವ ಮೊದಲು ಒಂದು ಹಿಡಿ ರಾಗಿಯನ್ನು ಸಭೆಯ ಪಾಲೆಂದು ತೆಗೆದಿಡುತ್ತಾಳೆ. ವಾರದ ಹಿಡಿ ರಾಗಿಯನ್ನೆಲ್ಲ ರೂತಮ್ಮ ಕೂಡಿಸುತ್ತಾರೆ. ಬೇರೆ ವಾರವಾಗಿದ್ದರೆ ಮನೆಮನೆಯಲ್ಲೂ ಎಲೆಅಡಿಕೆ, ಸೊಸೆಯ ದೂರು, ನೆಗಡಿಗೆ ಕಷಾಯ. ಈ ವಾರ ಹೆಂಗಸರು ರಾಗಿಯನ್ನು ಹೊಸ್ತಿಲಲ್ಲಿಟ್ಟು ಒಳಗೆ ಓಡಿ ಅಗುಳಿ ಹಾಕಿಕೊಳ್ಳುತ್ತಿದ್ದಾರೆ.

"ಅಕ್ಕಯ್ಯ, ರಾಗಿ ತಕ್ಕ. ಆ ಕಾಗ್ದ ಮಾತ್ರ ನಮ್ ಹೊಸ್ಲು ದಾಟಿಸ್ಬ್ಯಾಡ ಕಣವ್ವ," ಎಂದು ವಿಧವೆ ಮಂಗಮ್ಮ ಬಾಗಿಲ ಸಂದಿನಿಂದಲೇ ಬೇಡಿಕೊಳ್ಳುತ್ತಾಳೆ.

ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ರೂತಮ್ಮ ಎಂಬುದೂ ಇವರ ನಿಜವಾದ ಹೆಸರಲ್ಲ. ಕಾರಣ ಓದುತ್ತಾ ಹೋದರೆ ತಾನೇ ತಿಳಿಯುತ್ತದೆ.

ಆ ಕಾಗದವನ್ನು ಕಳಿಸಿದವರು ಈ ಸೀಮೆಯ ಸಭೆಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಸಂಘದವರು. ಬಿಳಿಯ ದೊರೆಗಳು ತಮ್ಮ ದೇಶಕ್ಕೆ ಹೊರಟಿದ್ದಾರೆ, ಹೊರದೇಶದ ನೆರವು ನಿಲ್ಲಲಿದೆ, ಮುಂದೇನು ಎಂಬುದು ಅವರ ಚಿಂತೆ. ಸಣ್ಣ ಸಭೆಗಳನ್ನು ಮುಚ್ಚಿ ದೇಂಕಣಿಕೋಟೆಗೆ ಸೇರಿಸಬಹುದೇ, ಅಥವಾ ಇದ್ದಲ್ಲೇ ಉಳಿಸಬೇಕೇ ಎಂದು ಸದಸ್ಯರನ್ನೇ ಕೇಳಿದ್ದಾರೆ. ಕೇಳಿದ್ದು ಒಳ್ಳೆಯದೇ. ಆದರೆ ಅರ್ಧಕ್ಕಿಂತ ಹೆಚ್ಚು ಜನ ಉಳಿಸಿರೆಂದು ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕದಿದ್ದರೆ ಮುಚ್ಚಲು ಒಪ್ಪಿದಂತೆ ಎಂದೂ ಕೆಳಗೆ ಅಚ್ಚು ಹಾಕಿಸಿದ್ದಾರೆ. ಇಲ್ಲಿ ವಯಸ್ಸಿಗೆ ಬಂದವರು ನಲವತ್ತನಾಲ್ಕು. ಶನಿವಾರದೊಳಗೆ ಇಪ್ಪತ್ತಮೂರು ಗುರುತು ದೇಂಕಣಿಕೋಟೆ ಮುಟ್ಟಬೇಕು. ಗುರುವಾರ ಸಂಜೆಯಾದರೂ ಕಾಗದ ತೊಳೆದಿಟ್ಟಷ್ಟು ಬಿಳಿಯಾಗಿದೆ.

ಜನಕ್ಕೆ ಪ್ರಾರ್ಥನೆ ಮನೆ ಬೇಡವೆಂದಲ್ಲ. ದೇಂಕಣಿಕೋಟೆಗೆ ಹೋಗಬೇಕೆಂದರೆ ಇಡೀ ದಿನ ಕಾಡಿನಲ್ಲಿ ನಡೆಯಬೇಕು, ಮುದುಕರು ಆರಾಧನೆಯ ಆಸೆಯನ್ನೇ ಬಿಡಬೇಕು. ಅದು ಎಲ್ಲರಿಗೂ ಗೊತ್ತು. ಆದರೆ ಹಾವು ಕಡಿದವನು ಹಗ್ಗ ಕಂಡರೂ ಹೆದರುತ್ತಾನೆ. ಮಹಾಯುದ್ಧ ಮುಗಿದು ವರ್ಷವಾಗುತ್ತ ಬಂದರೂ ರೈತರ ಧಾನ್ಯವನ್ನು ಕಡ್ಡಾಯವಾಗಿ ಎತ್ತುವ ಸರ್ಕಾರದ ಲೇವಿ ನಿಂತಿಲ್ಲ. ಹೋದ ವರ್ಷದ ಸುಗ್ಗಿಯಲ್ಲಿ ಲೇವಿಯವರು ಇಂಥದೇ ಕಾಗದ ತಂದಿದ್ದರು. ಪಾಪಣ್ಣ ಎಂಬ ರೈತ ಏನೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ. ಮಾರನೆಯ ದಿನ ಅವನ ಮನೆಯಿಂದ ಆರು ಮೂಟೆ ರಾಗಿ ಗಾಡಿಗೇರಿತು. ಆ ವರ್ಷ ಅವನ ಮಕ್ಕಳು ಕಾಡುಗೆಣಸು ತಿಂದು ಬದುಕಿದವು.

ರೂತಮ್ಮನಿಗೆ ಇನ್ನೂ ದೊಡ್ಡ ಭಯವಿದೆ. ಪ್ರಾರ್ಥನೆ ಮನೆಯ ಹಿಂದೆ, ಸಗಣಿ ಸಾರಿಸಿದ ನೆಲದ ಕೆಳಗೆ, ಒಂದು ಹಗೇವು ಇದೆ. ಹಿಡಿ ರಾಗಿಯೆಲ್ಲ ಆ ಗುಂಡಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಒಲೆ ಉರಿಯದ ಮನೆಗಳಿಗೆ ಅಲ್ಲಿಂದಲೇ ಸೇರುಗಟ್ಟಲೆ ಅಳೆದು ಕೊಡುತ್ತಾರೆ. ಲೇವಿಯವರ ಲೆಕ್ಕದಲ್ಲಿ ಅದು ಬಚ್ಚಿಟ್ಟ ಧಾನ್ಯ, ಕಾಯುವವರು ಅಪರಾಧಿ. ಲೇವಿಯವರ ಕುದುರೆಯ ಸದ್ದು ಕೇಳಿದರೆ ಸಾಕು, ರೂತಮ್ಮ ಆ ನೆಲದ ಮೇಲೆ ಚಾಪೆ ಹಾಸಿ ಕೂರುತ್ತಾರೆ.

"ಜೈಲಿಗೆ ಹಾಕ್ಲಿ, ನಂಗೇನು, ಒಂಟಿ ಮುಂಡೆ," ಎನ್ನುತ್ತಾರೆ. "ಮಂಗಮ್ಮನ್ ಮನೇಲಿ ಐದ್ ಬಾಯವೆ. ಅವಕ್ಯಾರು ಅಳ್ದ್ ಕೊಡ್ತಾರೆ?"

ಇಷ್ಟೆಲ್ಲ ಭಯದ ನಡುವೆ ಅವರಿಗಿರುವ ಒಂದೇ ಒಂದು ಜಂಬ ಅವರ ಸೈನು. ಗಂಡ ಸತ್ತಾಗ ಅವರಿಗೆ ಮೂವತ್ತೈದು, ಒಂದಕ್ಷರವೂ ಬರುತ್ತಿರಲಿಲ್ಲ. ಮೊರದಲ್ಲಿ ರಾಗಿ ಹರವಿ, ಬೆರಳಿನಲ್ಲಿ ತಿದ್ದಿ ತಿದ್ದಿ, ಎರಡು ವರ್ಷಕ್ಕೆ ಬೈಬಲ್ ಓದುವಂತಾದರು. ಅಂದಿನಿಂದ ಯಾವ ಕಾಗದಕ್ಕೂ ಬೆರಳು ಒತ್ತಿದವರಲ್ಲ. ಸೈನು ಹಾಕುವಾಗ ನಾಲಿಗೆಯ ತುದಿ ಹೊರಗೆ ಬರುತ್ತದೆ, ಊರವರು ನಗುತ್ತಾರೆ, ಅವರು ಲೆಕ್ಕಿಸುವುದಿಲ್ಲ.

ಶುಕ್ರವಾರ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ರೂತಮ್ಮ ಕಾಗದ ಬಿಚ್ಚಿ, ಒಂದೊಂದು ಸಾಲನ್ನೂ ಓದಿ ಹೇಳುತ್ತಾರೆ. ಇದರಲ್ಲಿ ರಾಗಿಯ ಮಾತೇ ಇಲ್ಲವೆಂದು ಆಣೆಯಿಡುತ್ತಾರೆ. ಯಾರೂ ಮುಂದೆ ಬರುವುದಿಲ್ಲ. ಕೊನೆಗೆ ಪಾಪಣ್ಣ ಬಾಯಿ ಬಿಡುತ್ತಾನೆ.

"ನಿಂಗೇನಕ್ಕ, ನೀನು ಸೈನು ಹಾಕೋಳು. ಸೈನು ಹಾಕ್ದೋರ್ನ ಸಾಯೇಬ್ರು ಕುಂತ್ಕಳಿ ಅಂತಾರೆ. ಹೆಬ್ಬೆಟ್ಟು ಒತ್ತಿದೋರ್ನ ಎದ್ದೇಳ್ಲಾ ಅಂತಾರೆ."

ಅವನು ಹೇಳಿದ್ದು ನಿಜ. ರೂತಮ್ಮ ಹೋಗಿ ದೀಪದ ಮಸಿಯನ್ನು ಕೆರೆದು ಹರಳೆಣ್ಣೆಯಲ್ಲಿ ಕಲಸುತ್ತಾರೆ. ಎಲ್ಲರ ಕಣ್ಣೆದುರಿಗೇ ಹೆಬ್ಬೆರಳನ್ನು ಅದರಲ್ಲಿ ಅದ್ದಿ, ಮೊದಲನೆಯ ಸಾಲಿನಲ್ಲಿ ಒತ್ತುತ್ತಾರೆ. ಮಸಿ ಹೆಚ್ಚಾಗಿ ಗುರುತು ಒಂದು ಕಡೆ ಹರಡುತ್ತದೆ.

"ಈಗ ನಾನೂ ನಿಮ್ಮಂಗೇ. ಅವ್ರು ಬಂದ್ರೆ ಮೊದ್ಲು ನಮ್ಮನೆಗೇ ಬರ್ಲಿ," ಎನ್ನುತ್ತಾರೆ.

ಮಂಗಮ್ಮ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಮುಂದೆ ಬರುತ್ತಾಳೆ. ಅವಳ ಹಿಂದೆ ಕುರುಡು ಮುದುಕ ಚಿಕ್ಕಮುನಿಯಪ್ಪ. ಆಮೇಲೆ ಒಬ್ಬೊಬ್ಬರಾಗಿ, ಕಳ್ಳತನಕ್ಕೆ ಹೊರಟವರ ಹಾಗೆ ಅತ್ತಿತ್ತ ನೋಡಿಕೊಂಡು. ಸಂಜೆಗೆ ಇಪ್ಪತ್ತೆರಡು ಗುರುತಾಗುತ್ತವೆ. ಇನ್ನೊಂದು ಹುಟ್ಟುವುದಿಲ್ಲ. ಪಾಪಣ್ಣ ಯಾವಾಗಲೋ ಎದ್ದು ಹೋಗಿದ್ದಾನೆ.

ಶನಿವಾರ ಮಬ್ಬಿನಲ್ಲೇ ರೂತಮ್ಮ ದೇಂಕಣಿಕೋಟೆಗೆ ಹೊರಡುತ್ತಾರೆ. ಎದೆಗೆ ಕಾಗದ, ಮಡಿಲಲ್ಲಿ ಮಸಿಯ ಕರಟ. ಒಂದು ಕಡಿಮೆಯಾದರೆ ಅಲ್ಲಿಯ ಪಾಸ್ಟರಯ್ಯನ ಕಾಲು ಹಿಡಿಯುವುದೆಂದು ತೀರ್ಮಾನಿಸಿದ್ದಾರೆ. ಹಳ್ಳ ದಾಟುವಾಗ ಹಿಂದೆ ಸೊಪ್ಪು ಮುರಿದ ಸದ್ದಾಗುತ್ತದೆ. ಆನೆಯೇ ಸರಿ ಎಂದು ಬಂಡೆಯ ಮರೆಗೆ ಕುಸಿದು ಕೂತು ಕಣ್ಣು ಮುಚ್ಚುತ್ತಾರೆ.

"ಅಕ್ಕಯ್ಯ, ನಾನು ಕಣಕ್ಕ. ಪಾಪ."

ಪಾಪಣ್ಣ ಏದುಸಿರು ಬಿಡುತ್ತಾ ನಿಂತಿದ್ದಾನೆ. ಹೆಬ್ಬೆರಳು ಚಾಚುತ್ತಾನೆ. ಬಂಡೆಯ ಮೇಲೆ ಕಾಗದವಿಟ್ಟು ರೂತಮ್ಮನೇ ಅವನ ಬೆರಳು ಹಿಡಿದು ಒತ್ತಿಸುತ್ತಾರೆ. "ಅಲ್ಲಿ ನನ್ ಹೆಸ್ರ ಗಟ್ಟಿಯಾಗ್ ಓದಿಸ್ಬ್ಯಾಡ," ಎಂದವನೇ ಬಂದ ದಾರಿಯಲ್ಲಿ ಓಡುತ್ತಾನೆ.

ಸಂಜೆ ದೇಂಕಣಿಕೋಟೆಯಲ್ಲಿ ಸಂಘದ ಗುಮಾಸ್ತರು ಗುರುತುಗಳನ್ನು ಎರಡು ಸಲ ಎಣಿಸುತ್ತಾರೆ. ಮೊದಲ ಸಾಲಿನಲ್ಲಿ ಅವರ ಪೆನ್ಸಿಲು ನಿಲ್ಲುತ್ತದೆ.

"ಏನಮ್ಮ, ಸಭೆಯ ಕೆಲಸ ಮಾಡ್ತೀಯ, ಓದು ಬರಹ ಬರೋದಿಲ್ವ?"

ನಿಜ ಹೇಳಿದರೆ ಮೊದಲ ಸಾಲು ಹೊಡೆದುಹೋಗುತ್ತದೇನೋ, ಇಪ್ಪತ್ತಮೂರು ಮತ್ತೆ ಇಪ್ಪತ್ತೆರಡಾಗುತ್ತದೇನೋ ಎಂದು ರೂತಮ್ಮ ಹೆದರುತ್ತಾರೆ. "ಇಲ್ಲ ಸ್ವಾಮಿ," ಎಂದು ತಲೆ ತಗ್ಗಿಸುತ್ತಾರೆ. ಗುಮಾಸ್ತರು ಪಕ್ಕದಲ್ಲಿ 'ಅಕ್ಷರ ಬಾರದವಳು' ಎಂದು ಬರೆಯುತ್ತಾರೆ. ತಲೆಕೆಳಗಾಗಿ ಕಂಡ ಆ ಎರಡು ಪದಗಳನ್ನು ರೂತಮ್ಮ ತಡವರಿಸದೆ ಓದಿಕೊಳ್ಳುತ್ತಾರೆ.

ಸಂಘದ ತೀರ್ಮಾನ ಬರುವುದು ಈಸ್ಟರ್ ಹಬ್ಬ ಕಳೆದ ಮೇಲೆ. ಅಲ್ಲಿಯವರೆಗೆ ಊರು ಕಿವಿಯನ್ನು ದಾರಿಯಲ್ಲೇ ಇಟ್ಟು ಮಲಗುತ್ತಿದೆ. ಲೇವಿಯವರೂ ಬಂದಿಲ್ಲ, ಸಂಘದ ಕಾಗದವೂ ಬಂದಿಲ್ಲ. ರೂತಮ್ಮ ಹಗೇವಿನ ಮೇಲೆ ಹೊಸದಾಗಿ ಸಗಣಿ ಸಾರಿಸಿ, ಒಲೆಯ ಬೂದಿ ಚೆಲ್ಲಿ, ಏನೂ ಇಲ್ಲದ ನೆಲದಂತೆ ಮಾಡಿದ್ದಾರೆ. ಹೆಬ್ಬೆರಳಿನ ಗೆರೆಗಳಲ್ಲಿ ಮಸಿ ಇನ್ನೂ ಕಪ್ಪಗೆ ಕೂತಿದೆ, ಎಷ್ಟು ಉಜ್ಜಿದರೂ ಹೋಗಿಲ್ಲ.

"ಪ್ರಾರ್ಥನೆ ಮನೆ ಉಳೀತು ಅಂತ ಕಾಗ್ದ ಬಂದ್ರೆ, ಬಂದು ಮುಟ್ತು ಅಂತ ಸೈನು ಹಾಕ್ಬೇಕಲ್ಲ," ಎನ್ನುತ್ತಾ ಅವರು ಮೊರದ ರಾಗಿಯನ್ನು ಅಂಗೈಯಲ್ಲಿ ಸಮ ಮಾಡುತ್ತಾರೆ. "ಅವತ್ತೊಂದಿನ ನಾನು ಬರ್ದು ಹಾಕ್ತೀನಿ. ಆ ಗುಮಾಸ್ತಪ್ಪ ದೂರದಿಂದ್ಲೇ ಓದ್ಬೇಕು, ಅಷ್ಟು ದಪ್ಪಕ್ಕೆ."