ಗುರಲಿಂಗಪ್ಪ ಅಲುಗಾಡದೆ ಕೂತ ಸಂಜೆ

ಬಸಗೊಂಡಪ್ಪ ವಿಜಾಪುರದ ಕಚೇರಿಯೊಂದರಲ್ಲಿ ಪಟ್ಟೇವಾಲಾ. ಸಾಹೇಬರ ಕೋಣೆಯ ಬಾಗಿಲು ತೆಗೆಯುವುದು, ಮುಚ್ಚುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ತೆಗೆದು ಮುಚ್ಚಿ ಮಾಡಿ, ಜಿಲ್ಲೆಯ ಕಾರಭಾರವೆಲ್ಲ ತನ್ನ ಕೈಯಿಂದಲೇ ಒಳಗೆ ಹೊರಗೆ ಓಡಾಡುತ್ತದೆ ಎಂದು ನಂಬಿದ್ದ. ಎದೆಗೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ. ಬಿಲ್ಲೆಗೆ ದಿನಾ ಹುಣಸೆಹಣ್ಣು ತಿಕ್ಕುತ್ತಿದ್ದ. ಮುಖವನ್ನು ಅಷ್ಟು ತಿಕ್ಕುತ್ತಿರಲಿಲ್ಲ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಬಾಡಿಗೆಯ ಖೋಲಿ. ಆ ನೆರೆಯ ಗುಣವೋ ಏನೋ, ತಾನು ಒಂದು ಸಲ ಆಡಿದ್ದು ಏಳು ಸಲ ಕೇಳಿಸಬೇಕು ಅವನಿಗೆ. ಯಾರೂ ತಿರುಗಿ ಹೇಳದಿದ್ದರೆ ತಾನೇ ಹೇಳುತ್ತಿದ್ದ.

ಇಂಥವನ ಎದೆಯಲ್ಲೂ ಬಿಲ್ಲೆಯ ಹಿಂದೆ ಒಂದು ಮುಳ್ಳಿತ್ತು. ಬಬಲೇಶ್ವರದ ಗುರಲಿಂಗಪ್ಪ ಅವನ ಜೊತೆ ಚಿಣಿಪಣಿ ಆಡಿ ಬೆಳೆದ ಗೆಳೆಯ. ಗುರಲಿಂಗಪ್ಪನ ಅಕ್ಕ ಅಕ್ಕನಾಗಮ್ಮನನ್ನು ಸಾರವಾಡಕ್ಕೆ ಕೊಟ್ಟಿತ್ತು. ತಮ್ಮನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂಬುದು ಆಕೆಯ ಆಸೆ, ಹಕ್ಕೂ ಹೌದು. ಬಸಗೊಂಡಪ್ಪ ನಡುವೆ ಬಾಯಿ ಹಾಕಿ, "ಕೂಸಿಗೆ ಸಗಣಿ ಬಾಚೋದರೆ ತಪ್ಪಸಲೇ ಗುರಲಿಂಗಾ," ಎಂದು ತನಗೆ ಗೊತ್ತಿದ್ದ ವಿಜಾಪುರದ ಕಾರಕೂನನಿಗೆ ಹುಡುಗಿಯನ್ನು ಕೊಡಿಸಿಬಿಟ್ಟ. ಅಕ್ಕ ಆಣೆ ಇಟ್ಟು ತಮ್ಮನ ಹೊಸ್ತಿಲು ತುಳಿಯುವುದನ್ನು ಬಿಟ್ಟಳು. ಅದಾಗಿ ಒಂಬತ್ತು ವರ್ಷ. ವರ ಹುಡುಕಿದವನು ಯಾರೆಂದು ಗುರಲಿಂಗಪ್ಪ ಒಮ್ಮೆಯೂ ಹೇಳಲಿಲ್ಲ. ಬೈಗುಳವನ್ನೆಲ್ಲ ತಾನೇ ಉಂಡ. ಪ್ರತಿ ವರ್ಷ ನಾಗರ ಪಂಚಮಿಗೆ, ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹೊತ್ತಿಗೆ, ಅವನು ಬಾಗಿಲ ಕಡೆ ನೋಡುತ್ತ ಕೂಡುವುದನ್ನು ಬಸಗೊಂಡಪ್ಪ ಕಂಡಿದ್ದ. ಕಂಡು, ವಿಜಾಪುರಕ್ಕೆ ಹೋಗಿ ಬಿಲ್ಲೆ ತಿಕ್ಕಿದ್ದ.

ನಲವತ್ತಾರನೇ ಇಸವಿಯ ಬೇಸಿಗೆಯಲ್ಲಿ ಸಾಹೇಬರ ಬಂಗಲೆಯಲ್ಲಿ ಅವರ ಹುಟ್ಟಿದ ದಿನ ನಡೆಯಿತು. ಬಾಗಿಲು ಹಿಡಿದು ನಿಂತ ಬಸಗೊಂಡಪ್ಪ ಎಲ್ಲವನ್ನೂ ನೋಡಿದ. ಸಾಹೇಬರು ಖುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಬಂದವರು ಕುಣಿದರು. ವಾರದೊಳಗೆ ಅವನು ಬಬಲೇಶ್ವರಕ್ಕೆ ಬಂದ.

"ಗುರಲಿಂಗಾ, ನಿನ್ನ ಹುಟ್ಟಿದ ದಿನಾ ಮಾಡೂಣು. ನಿಮ್ಮ ಅಕ್ಕನ್ನ ಕರಸೂಣು."

ಗುರಲಿಂಗಪ್ಪ ಕೈಯಲ್ಲಿದ್ದ ತಂಬಾಕು ಚೆಲ್ಲಿದ. "ಐವತ್ತು ದಾಟಿದವಂದು ಹುಟ್ಟಿದ ದಿನಾ? ಹುಚ್ಚ ಹಿಡದೈತೇನಲೇ? ಆಕಿ ಬರ್ತಾಳಂತೀ?"

"ಹುಟ್ಟಿದ ದಿನಕ್ಕ ಎಂಥಾ ವೈರೀನೂ ಬರ್ತಾನ. ನಮ್ಮ ಸಾಹೇಬರಿಗಿ ಕಂಡರಾಗದವರೆಲ್ಲಾ ಬಂದಿದ್ರು."

ತಾರೀಖು ಯಾರಿಗೂ ಗೊತ್ತಿರಲಿಲ್ಲ. ಬಸಗೊಂಡಪ್ಪ ಎಂದೋ ಮುಚ್ಚಿಹೋದ ಗಾವಠಿ ಶಾಲೆಯ ದಫ್ತರವನ್ನು ಯಾರದೋ ಅಟ್ಟದಿಂದ ಇಳಿಸಿ, ಧೂಳು ಝಾಡಿಸಿ, ಜೂನ್ ಒಂದು ಎಂದು ಕಂಡುಹಿಡಿದ. ಮೇಲಿನ ಹೆಸರಿಗೂ ಜೂನ್ ಒಂದು, ಕೆಳಗಿನ ಹೆಸರಿಗೂ ಜೂನ್ ಒಂದು ಎಂಬುದನ್ನು ಅವನು ಗಮನಿಸಲಿಲ್ಲ. ಕಾಗದದಲ್ಲಿ ಬರೆದದ್ದನ್ನು ಅನುಮಾನಿಸುವುದು ಅವನ ನೌಕರಿಯಲ್ಲಿ ಇರಲಿಲ್ಲ.

ಸಾರವಾಡಕ್ಕೆ ಕರೆಯಲು ಅವನೇ ಹೋದ. "ಅಕ್ಕಾರ, ನಿಮ್ಮ ತಮ್ಮ..." ಎನ್ನುವಷ್ಟರಲ್ಲಿ ಒಳಗಿನಿಂದ ಅಕ್ಕನಾಗಮ್ಮನ ಧ್ವನಿ ಬಂತು: "ಅವನ ಮಣ್ಣಿಗಿ ಬರ್ತೇನಿ ಅಂತ ಹೇಳು. ಅಲ್ಲೀತನಕಾ ಆ ಹೊಸ್ತಿಲಾ ತುಳ್ಯಾಂಗಿಲ್ಲ." ಬಾಗಿಲು ತೆಗೆಯುವುದೇ ಕಸುಬಾದವನ ಮೂಗಿನ ಮುಂದೆ ಬಾಗಿಲು ಬಿತ್ತು. ಊರಿಗೆ ಬಂದು, "ಅಕ್ಕಾರು ವಿಚಾರ ಮಾಡಾಕತ್ತಾರ," ಎಂದ.

ಇಷ್ಟಾದರೂ ಕುಣಿತದ ಏರ್ಪಾಡು ನಿಲ್ಲಲಿಲ್ಲ. ತಿಕೋಟಾದ ಹೆಜ್ಜೆ ಮೇಳಕ್ಕೆ ವೀಳ್ಯ ಹೋಯಿತು. ಜೂನ್ ಒಂದರ ಮಧ್ಯಾಹ್ನ ಬಿಳಿ ಧೋತರ, ಕೆಂಪು ರುಮಾಲಿನ ಎಂಟು ಮಂದಿ ತಾಳ, ದಮ್ಮಡಿ ಹಿಡಿದು ಇಳಿದರು. ಅವರ ಮುಂದಾಳು ಶಿವಶರಣಪ್ಪ ಒಂದು ತಕರಾರು ತೆಗೆದ.

"ಹುಟ್ಟಿದ ದಿನದ ಹಾಡ ನಮ್ಮಲ್ಲಿಲ್ಲರಿ. ತೊಟ್ಟಿಲ ಪದಾ ಹೆಂಗಸರ ಸ್ವತ್ತು. ನಮ್ಮ ಹತ್ತರ ಇರೂದು ತತ್ವದ ಹಾಡ. ದೇಹ ಮಣ್ಣಿನ ಗಡಗಿ, ಇಂದಿಲ್ಲ ನಾಳೆ ಒಡೀತದ, ಹಿಂಗ."

"ಹಾಡ ಯಾವುದಾದ್ರೇನು? ಹೆಜ್ಜಿ ತಪ್ಪಬಾರದು," ಎಂದ ಬಸಗೊಂಡಪ್ಪ, ಸಾಹೇಬರ ಗತ್ತಿನಲ್ಲಿ.

ಗುರಲಿಂಗಪ್ಪನಿಗೆ ಜಳಕ ಮಾಡಿಸಿ, ಹಣೆತುಂಬ ವಿಭೂತಿ ಬಳಿದು, ಹೊಸ ಧೋತರ ಉಡಿಸಿ, ಕತ್ತು ಕಾಣದಂತೆ ಹಾರ ಹಾಕಿ, ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದರು. "ಅಲುಗಾಡಬ್ಯಾಡ. ನಮ್ಮ ಸಾಹೇಬರು ಕಣ್ಣಿನ ಎವಿಸುದ್ದಾ ಮಿಟಕಸಲಿಲ್ಲ," ಎಂದು ಬಸಗೊಂಡಪ್ಪ ತಾಕೀತು ಮಾಡಿದ. ಸಾಹೇಬರ ಹಾಗೆ ದೀಪ ಊದಿಸಬೇಕೆಂದು ಒಂದು ಹಣತೆಯನ್ನೂ ತಂದಿಟ್ಟ. ಗುರಲಿಂಗಪ್ಪನ ಹೆಂಡತಿ ತಾಯವ್ವ ಹಣತೆಯನ್ನು ಎತ್ತಿಕೊಂಡು, "ಹುಟ್ಟಿದ ದಿನಾ ಯಾರರೆ ದೀಪಾ ಆರಸ್ತಾರೇನೋ ಯಣ್ಣಾ? ನಿಮ್ಮ ಸಾಹೇಬಗ ಹೇಳವರು ಕೇಳವರು ಯಾರೂ ಇಲ್ಲೇನು?" ಎಂದು ಅದನ್ನು ಗಂಡನ ಬಲಗಡೆ ಇಟ್ಟು ಎಣ್ಣೆ ಹೊಯ್ದಳು.

ಮೇಳ ಶುರುವಾಯಿತು. ಎಂಟು ಜೋಡಿ ಕಾಲು ಒಂದೇ ಕಾಲಾಗಿ ನೆಲ ಗುದ್ದಿದವು. ಊರು ನೆರೆಯಿತು. ಸೆಖೆಗೆ, ಹಾರದ ಭಾರಕ್ಕೆ ಗುರಲಿಂಗಪ್ಪನಿಗೆ ಜೋಂಪು ಹತ್ತಿತು. ಅವನು ಕಣ್ಣುಮುಚ್ಚಿ, ಗೆಳೆಯ ಹೇಳಿದ ಹಾಗೆಯೇ, ಅಲುಗಾಡದೆ ಕೂತ. ನಾಲ್ಕು ಗಂಟೆಯ ಸುಮಾರಿಗೆ ಸೈಕಲ್ಲಿನ ಮೇಲೆ ಬಳೆಗಾರ ಜಿಲಾನಿ ಆ ದಾರಿಯಲ್ಲಿ ಬಂದ. ಒಂದು ಕಾಲು ನೆಲಕ್ಕೆ ಕೊಟ್ಟು ನಿಂತು ಕಟ್ಟೆಯ ಕಡೆ ನೋಡಿದ. ಟೊಪ್ಪಿಗೆ ತೆಗೆದ. ಎದೆಯ ಮೇಲೆ ಕೈಯಿಟ್ಟುಕೊಂಡು, ತಲೆ ಬಗ್ಗಿಸಿ, ಸಾರವಾಡದ ಕಡೆಗೆ ಜೋರಾಗಿ ಸೈಕಲ್ ತುಳಿದ.

"ನೋಡಿದ್ರೇನು? ದಾರಿಹೋಕರೂ ಮರ್ಯಾದಿ ಕೊಡಾಕತ್ತಾರ," ಎಂದ ಬಸಗೊಂಡಪ್ಪ. ಏಳು ಸಲ.

ಹೊತ್ತು ಮುಳುಗುವ ಮುಂಚೆ, ಧೂಳೆಬ್ಬಿಸುತ್ತ ಒಂದು ಸವಾರಿ ಗಾಡಿ ಓಣಿಗೆ ನುಗ್ಗಿತು. ಅದು ನಿಲ್ಲುವ ಮೊದಲೇ ಒಬ್ಬ ಮುದುಕಿ ಧುಮುಕಿದಳು. ತಲೆಯ ಮೇಲಿನ ಸೆರಗು ಜಾರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಎಪ್ಪಾ ಗುರಲಿಂಗಾ! ನನ್ನ ಬಿಟ್ಟ ಹೋದೇನೋ! ಒಂದ ಮಾತ ಆಡದ ಹೋದೇನೋ, ನನ್ನಪ್ಪಾ!"

ಮೇಳದ ಎಂಟು ಕಾಲು ಗಾಳಿಯಲ್ಲಿ ನಿಂತವು. ತಾಳ ಬಡಿಯುವವನ ಕೈಯಲ್ಲಿ ತಾಳಗಳು ಒಂದಕ್ಕೊಂದು ತಗುಲದೆ ಉಳಿದವು. ಬಸಗೊಂಡಪ್ಪ ಗೆಳೆಯನ ಕಡೆ ತಿರುಗಿ ನೋಡಿದ, ಮತ್ತು ಅಂದು ಮೊದಲ ಬಾರಿಗೆ ನಿಜವಾಗಿ ಕಂಡ. ವಿಭೂತಿ. ಹಾರ. ಹೊಸ ಬಟ್ಟೆ. ಬಲಗಡೆ ದೀಪ. ಮುಂದೆ ಮಣ್ಣಿನ ಗಡಿಗೆಯ ಭಜನೆ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೀಗೆಯೇ ಸಿಂಗರಿಸಿ, ಗೋಡೆಗೆ ಆನಿಸಿ, ಕೂಡಿಸುತ್ತಾರೆ. ಸಾಹೇಬರಂತೆ ಹುಟ್ಟಿದ ದಿನ ಮಾಡಹೋಗಿ ಗೆಳೆಯನ ಹೆಣ ಕೂಡಿಸಿದ್ದ.

ಅಕ್ಕನಾಗಮ್ಮ ಹೊಸ್ತಿಲು, ಕಟ್ಟೆ ಒಂದನ್ನೂ ನೋಡದೆ ಏರಿ ಹೋಗಿ ತಮ್ಮನ ಎದೆಯ ಮೇಲೆ ಬಿದ್ದಳು. ಹೆಣ ಬೆಚ್ಚಿಬಿದ್ದು ಕಣ್ಣು ತೆರೆಯಿತು.

"ಯಕ್ಕಾ? ಬಂದ್ಯಾ?"

ಆಕೆಯ ಕಿರುಚಾಟಕ್ಕೆ ಗಾಡಿಯ ಎತ್ತುಗಳು ನೊಗ ಎಳೆದವು. ಆಕೆ ಎರಡು ಕೈಯಿಂದಲೂ ತಮ್ಮನ ಮುಖ ಹಿಡಿದು, ಮೂಗಿನ ಬಳಿ ಬೆರಳಿಟ್ಟು ನೋಡಿ, ಆಮೇಲೆ ಕಪಾಳಕ್ಕೆ ಒಂದು ಬಿಟ್ಟಳು.

"ಸಾಯಾಕೂ ಬರಲಾರದವನ! ಜಿಲಾನಿ ಹೇಳಿದಾಗ ನನ್ನ ಜೀವಾ ಹೋಗಿತ್ತಲೋ!"

"ಇವತ್ತ ನಾ ಹುಟ್ಟಿದ ದಿನಾ ಯಕ್ಕಾ..."

"ಯಾರ ಹೇಳಿದ್ರು? ನಿನ್ನ ತೊಟ್ಟಲಾ ತೂಗಿದಾಕಿ ನಾ! ಎಳ್ಳಮಾಸಿಗಿ ಹೊಲದಾಗ ಚರಗಾ ಚೆಲ್ಲಿ ಬರೂದ್ರಾಗ ಅವ್ವಗ ಬ್ಯಾನಿ ಎದ್ದಿದ್ದವು. ಮರುದಿನ ನಸಕಿನ್ಯಾಗ ಹುಟ್ಟಿದಿ. ಹಲ್ಲು ಕಡಿಯೂ ಥಂಡಿ. ಈ ಬಿಸಲಾಗ ಯಾವ ಕತ್ತಿಮರಿ ಹುಟ್ಟತೈತಿ?"

ಊರು ಬಸಗೊಂಡಪ್ಪನ ಕಡೆ ತಿರುಗಿತು. ದಫ್ತರ ಎಂದು ಹೇಳಲು ಬಾಯಿ ತೆರೆದವನು ಬೇರೆಯದನ್ನೇ ಹೇಳಿಬಿಟ್ಟ.

"ಅಕ್ಕಾರ, ತಪ್ಪು ಇವಂದಲ್ಲ. ಇವತ್ತಿಂದೂ ಅಲ್ಲ, ಅವತ್ತಿಂದೂ ಅಲ್ಲ. ಆ ಕಾರಕೂನನ್ನ ಹುಡುಕಿದವ ನಾನು. ಇವನ ತಲಿ ಕೆಡಸಿದವ ನಾನು. ಒಂಬತ್ತ ವರ್ಷ ಬಾಯಿ ಮುಚಕೊಂಡ ಕೂತವನೂ ನಾನು."

ಜೀವನದಲ್ಲಿ ಇಷ್ಟು ದೊಡ್ಡ ಗುಟ್ಟನ್ನು ಅವನು ಎಂದೂ ಬಿಟ್ಟುಕೊಟ್ಟಿರಲಿಲ್ಲ. ಸಿಡಿಲು ಬೀಳುವುದನ್ನೇ ಕಾದು ನಿಂತ.

"ಗೊತ್ತೈತಿ," ಎಂದಳು ಅಕ್ಕನಾಗಮ್ಮ. "ಅವತ್ತ ಗೊತ್ತಿತ್ತು. ಸಾರವಾಡದ ನಾಯಿಗೂ ಗೊತ್ತೈತಿ. ಇವ ತನ್ನ ಬಾಯಿಂದ ಹೇಳ್ತಾನೇನು ಅಂತ ನಾ ಕಾಯಾಕತ್ತಿದ್ದೆ. ಇವ ಗೆಳ್ಯಾನ ಮಾನಾ ಕಾಯಾಕತ್ತಿದ್ದ. ನಿನಗ ಮಾನಾ ಐತೆಂತ ಇವಗ ಯಾರ ಹೇಳಿದ್ರೋ!"

ಯಾರೋ ಮೊದಲು ನಕ್ಕರು. ಬಸಗೊಂಡಪ್ಪನಿಗೆ ನಗುವ ಶಕ್ತಿ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಒಂಬತ್ತು ವರ್ಷ ಕಾವಲು ಕಾದಿದ್ದ.

ಗುರಲಿಂಗಪ್ಪ ಹಾರ ತೆಗೆಯುತ್ತ ಮೆಲ್ಲಗೆ ಕೇಳಿದ: "ಹೊಳ್ಳಿ ಹೋಗತಿ ಏನ ಯಕ್ಕಾ? ಆಣಿ ಐತೆಲ್ಲಾ?"

"ಮಣ್ಣಿಗಿ ಬರ್ತೇನಿ ಅಂದಿದ್ದೆ, ಮಣ್ಣಿಗೇ ಬಂದೇನಿ. ನೀ ಸಾಯಲಿಲ್ಲಂದ್ರ ಅದು ನನ್ನ ತಪ್ಪಲ್ಲ." ಆಕೆ ಸೆರಗು ಸರಿಮಾಡಿಕೊಂಡಳು. "ತಾಯವ್ವಾ, ಉಣ್ಣಾಕ ಏನ ಮಾಡೀಯೆ? ತಡಿ, ಸತ್ತ ಮನಿಗಿ ಬಂದಾಕಿ ಜಳಕಾ ಇಲ್ಲದ ಉಣಬಾರದು. ಯಾರರೆ ನೀರ ತರ್ರಿ."

ಯಾರರೆ ಎಂದಾಗ ಆಕೆಯ ಕಣ್ಣು ಬಿಲ್ಲೆಯ ಮೇಲಿತ್ತು. ಬಸಗೊಂಡಪ್ಪ ಅಡ್ಡಪಟ್ಟಿಯನ್ನು ಬಿಚ್ಚಿ ಗೂಟಕ್ಕೆ ತೂಗುಹಾಕಿ, ಕೊಡ ಎತ್ತಿಕೊಂಡು ಬಾವಿಗೆ ನಡೆದ. ಹಗ್ಗದ ಗಾಲಿ ಕಿರುಗುಡುತ್ತಿದ್ದಾಗ ಹಿಂದಿನಿಂದ ಅಕ್ಕನಾಗಮ್ಮನ ದನಿ ಕೇಳಿಸಿತು. ಶಿವಶರಣಪ್ಪನಿಗೆ ಗದರುತ್ತಿದ್ದಳು: "ಗಡಗಿ ಹಾಡ ಸಾಕು ಮಾಡೋ. ತೊಟ್ಟಿಲ ಪದಾ ನಾ ಹಾಡ್ತೇನಿ. ನೀವು ಹೆಜ್ಜಿ ಹಾಕರಿ."

ಮೀಸೆ ಬೆಳ್ಳಗಾದ ಎಂಟು ಗಂಡಸರು ತೊಟ್ಟಿಲ ಪದಕ್ಕೆ, ನಾಚುತ್ತ, ಹೆಜ್ಜೆ ಹಾಕತೊಡಗಿದರು. ಬಸಗೊಂಡಪ್ಪ ಮೊದಲನೆಯ ಕೊಡ ಇಳಿಸಿದ. ಹಾಡಿನ ನಡುವೆಯೇ, ರಾಗ ಕೆಡಿಸದೆ, ಆಕೆ ಕೂಗಿದಳು:

"ಒಂದ ಕೊಡದಾಗ ಒಂಬತ್ತ ವರ್ಷ ತೊಳೀತದೇನೋ? ಇನ್ನೊಂದ ತಾ!"