ಕವಲಿನಲ್ಲಿ ಕೇಳಿದ ಪ್ರಶ್ನೆ

ವಿರೂಪಾಕ್ಷಿಪುರದ ಸುತ್ತಿನ ಹಳ್ಳಿಗಳಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ಟೆಂಪೊಗೆ ನಾನು ‘ಯಜಮಾನ್ರೇ’ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು ಡ್ರೈವರ್, ನಾನು ಲೋಡರ್. ಮನೆಮನೆಯಲ್ಲೂ ಹುಳ ಸಾಕುತ್ತಿದ್ದ ಕಾಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನನಗೆ, ಇಬ್ಬರು ಮಕ್ಕಳ ತಂದೆಯಾದ ಮೇಲೆ, ದಾರಿಯ ಪಾಠ ಹೇಳಿದವರು ಅವರು. ಪ್ರತಿ ಕವಲಿನಲ್ಲೂ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಾ ಕೇಳುವರು: “ಯಾವ್ ಕಡೀಕ್ಲಾ, ಯೋಳು.”

ತಪ್ಪಿದರೆ, “ತಲೆ ಒಳ್ಗೆ ಸೊಪ್ ತುಂಬ್ಕೊಂಡಿದ್ದೀಯೇನ್ಲಾ?” ಸರಿಯಾದರೆ, “ಕಲ್ತ್ಬುಟ್ಟೆ ಕಣ್ಲಾ.”

ಇವತ್ತು ನನ್ನದೇ ಎರಡು ಟೆಂಪೊ ಓಡುತ್ತಿರುವುದು ಆ ಪ್ರಶ್ನೆಯಿಂದ.

ಅವರಿಗೆ ಅರವತ್ತು ದಾಟಿದ ಮೇಲೂ ಪ್ರತಿ ರೈತನ ಹೆಸರು, ಮನೆತನ ಬಾಯಲ್ಲಿತ್ತು. ದಾರಿ ಮಾತ್ರ ಮಸುಕಾಗತೊಡಗಿತು. ಒಂದು ಬೆಳಿಗ್ಗೆ ಗೂಡು ತುಂಬಿಕೊಂಡು ಹರಾಜಿಗೆ ಓಡುತ್ತಿದ್ದಾಗ, ನೂರಾರು ಸಲ ಹಾದ ಕವಲಿನಲ್ಲಿ ನಿಲ್ಲಿಸಿದರು. ಬೆರಳು ಬಡಿಯಲಿಲ್ಲ. ಎರಡೂ ದಾರಿಗಳನ್ನು ಹೊಸದಾಗಿ ಕಂಡವರಂತೆ ನೋಡಿ, ಸಣ್ಣ ದನಿಯಲ್ಲಿ ಕೇಳಿದರು: “ಯಾವ್ ಕಡೀಕ್ಲಾ?”

ಪಕ್ಕ ಕೂತಿದ್ದ ಗೂಡಿನ ರೈತ ನಕ್ಕ. “ಏನಪ್ಪ, ಡ್ರೈವರ್‌ಗೇ ದಾರಿ ಮರ್ತೋಯ್ತಾ? ಗಾಡಿ ಓನರ್‌ಗೆ ಯೋಳ್ಬೇಕು.”

ಹೇಳಿದ್ದರೆ ಅವರ ಕೆಲಸ ಅಂದೇ ಹೋಗುತ್ತಿತ್ತು.

“ಸುಮ್ಕಿರಣ್ಣ, ನಂಗೆ ಪರೀಕ್ಷೆ ಮಾಡ್ತಾವ್ರೆ. ಮೊದ್ಲಿಂದ್ಲೂ ಇಂಗೇಯ” ಎಂದೆ. ಅವರ ಕಡೆ ತಿರುಗಿ, “ಬಲಕ್ಕೆ, ಯಜಮಾನ್ರೇ” ಎಂದೆ.

ಗಾಡಿ ಬಲಕ್ಕೆ ತಿರುಗಿತು. ಒಸಿ ದೂರ ಹೋದ ಮೇಲೆ, ನನ್ನ ಕಡೆ ನೋಡದೆ ಅವರು ಅಂದರು: “ಕಲ್ತ್ಬುಟ್ಟೆ ಕಣ್ಲಾ.”

ಆಮೇಲೆ ಅವರು ತಾವಾಗಿಯೇ ಡ್ರೈವರ್ ಕೆಲಸ ಬಿಡುವವರೆಗೂ ನಾನಾಗಿ ಯಾವ ದಾರಿಯನ್ನೂ ಹೇಳಲಿಲ್ಲ. ಕವಲು ಬಂದಾಗ ಅವರು ಕೇಳಲಿ ಎಂದು ಕಾಯುತ್ತಿದ್ದೆ. ಕೇಳಿದ ಮೇಲೆ, ಪಾಠ ಒಪ್ಪಿಸುವವನಂತೆ ಹೇಳುತ್ತಿದ್ದೆ.