ಸೆರಗಿನಡಿಯ ಕಿತ್ತಳೆ ಅಂಗಿ

ಕಾಗವಾಡದ ಕಡೆ ರಸ್ತೆ ಕೆಲಸ ನಡೆದಿದ್ದಾಗ ನಮ್ಮ ಗ್ಯಾಂಗಿನ ಒಬ್ಬ ಆಳಿಗೆ ಲಾರಿ ಬಡಿಯಿತು. ಸಾಯಲಿಲ್ಲ, ಆದರೆ ಮತ್ತೆ ನೆಟ್ಟಗೆ ನಡೆಯಲೂ ಇಲ್ಲ. ಲಾರಿ ಬಂದಾಗ ಮಣ್ಣಿನ ಬಣ್ಣದ ಅಂಗಿ ತೊಟ್ಟು ಮಣ್ಣಿನಲ್ಲೇ ಕೂತಿದ್ದ. "ಕಾಣಸಲೇ ಇಲ್ರಿ ಸಾಹೇಬ್ರ" ಎಂದು ಡ್ರೈವರ್ ಕೈಮುಗಿದು ಅತ್ತ. ಅವನು ಹೇಳಿದ್ದು ಸುಳ್ಳಲ್ಲ ಎಂಬುದೇ ನನ್ನ ನಿದ್ದೆ ಕೆಡಿಸಿತು.

ನಾನು ಗುತ್ತಿಗೆದಾರರೊಬ್ಬರ ಕೈಕೆಳಗೆ ಸೂಪರ್‌ವೈಸರ್ ಆಗಿದ್ದೆ. ಅಂದಿನಿಂದ ನನಗೆ ಆಳುಗಳನ್ನು ಎಣಿಸುವ ಹುಚ್ಚು ಹಿಡಿಯಿತು. ಬೆಳಿಗ್ಗೆ ಎಣಿಸುತ್ತಿದ್ದೆ, ಊಟಕ್ಕೆ ಕೂತಾಗ ಎಣಿಸುತ್ತಿದ್ದೆ, ದೂರದಲ್ಲಿ ಹಾರ್ನ್ ಕೇಳಿದರೂ ಎಣಿಸುತ್ತಿದ್ದೆ. "ಕುರಿ ಎಣಿಸಿದಂಗ ಮಂದೀನ ಎಣಸ್ತೀರಲ್ರಿ" ಎಂದು ಹೆಂಡತಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಚಿಕ್ಕೋಡಿಯಿಂದ ನಿಪ್ಪಾಣಿ ಕಡೆ ಹೋಗುವ ರಸ್ತೆಯಲ್ಲಿ ಕೆಲಸ ಸಿಕ್ಕಿತು. ಗುತ್ತಿಗೆದಾರರ ಬೆನ್ನು ಹತ್ತಿ, ಕಾಡಿ ಬೇಡಿ, ಆಳುಗಳಿಗೆಲ್ಲ ಕಿತ್ತಳೆ ಬಣ್ಣದ ಅಂಗಿ ಹೊಲಿಸಿದೆ. ಬೆನ್ನಿಗೆ ಅಡ್ಡಲಾಗಿ ಎರಡು ಬೆಳ್ಳಿ ಪಟ್ಟಿ. ಬೆಳಕು ಬಿದ್ದರೆ ಫಳಕ್ ಎನ್ನುತ್ತಿದ್ದವು. ಅಂಥ ಅಂಗಿ ಆ ಕಡೆ ಯಾರೂ ಕಂಡಿರಲಿಲ್ಲ. ಬಸ್ಸಿನೊಳಗಿನ ಮಂದಿ ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಿದ್ದರು. ಇನ್ನು ಚಿಂತೆ ಮುಗಿಯಿತು ಎಂದುಕೊಂಡೆ.

ಮೊದಲ ದಿನವೇ ಎಣಿಕೆ ತಪ್ಪಿತು. ಒಂದು ಅಂಗಿ ಕಡಿಮೆ. ಹುಡುಕಿದರೆ, ಬೇಡಕಿಹಾಳದ ಕಡೆಯಿಂದ ಬರುತ್ತಿದ್ದ ಹೆಣ್ಣುಮಗಳೊಬ್ಬಳು ರಸ್ತೆಗೆ ಬೆನ್ನು ಮಾಡಿ ಜಲ್ಲಿ ತುಂಬುತ್ತಿದ್ದಳು. ಅಂಗಿ ತೊಟ್ಟಿದ್ದಳು, ಆದರೆ ಅದರ ಮೇಲೆ ಹಸಿರು ಸೆರಗು ಎಳೆದು ತಲೆ, ಬೆನ್ನು ಎಲ್ಲ ಮುಚ್ಚಿಕೊಂಡಿದ್ದಳು. ಹಿಂದೆ ಹಸಿರು ಕಬ್ಬು, ಮುಂದೆ ಹಸಿರು ಸೆರಗು! ಕಂಡರೂ ಹೇಗೆ ಕಾಣಬೇಕು? ಅದೇ ಗ್ಯಾಂಗಿನಲ್ಲಿ ಅವಳ ಮಾವನೂ ದುಡಿಯುತ್ತಿದ್ದ. ಮಾವನ ಎದುರು ಸೊಸೆ ತಲೆಯ ಮೇಲಿನ ಸೆರಗು ತೆಗೆಯುವುದುಂಟೇ?

ನನಗೆ ಅಷ್ಟು ಯೋಚಿಸುವ ತಾಳ್ಮೆ ಎಲ್ಲಿತ್ತು? ಎಲ್ಲರೆದುರು ಕೂಗಾಡಿದೆ. "ಸೆರಗ ತಗದ ಸೊಂಟಕ್ಕ ಸಿಗಸವ್ವಾ, ಇಲ್ಲಾಂದ್ರ ನಾಳಿಂದ ಬರಬ್ಯಾಡ!"

ಅವಳು ತಲೆ ತಗ್ಗಿಸಿದಳು. ಮಾವ ಸಲಿಕೆ ಊರಿ ನನ್ನ ಎದುರು ಬಂದು ನಿಂತ. "ನಿಮ್ಮ ಮನ್ಯಾಗಿನ ಹೆಣ್ಮಕ್ಕಳಿಗೂ ಹಿಂಗ ಅಂತೀರೇನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದ. ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟ.

ಆಮೇಲೆ ನನ್ನ ಲೂನಾ ಗಾಡಿಯ ಸದ್ದು ಕೇಳಿದರೆ ಸೆರಗು ಸೊಂಟಕ್ಕೆ ಇಳಿಯುತ್ತಿತ್ತು; ನಾನು ದಾಟಿದ ಮೇಲೆ ತಲೆಗೆ ಏರುತ್ತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಣಿಕೆ ಸರಿಬಂತೆಂದು ಮುಂದೆ ಹೋಗುತ್ತಿದ್ದೆ.

ಕಬ್ಬಿನ ಹಂಗಾಮು ಶುರುವಾಯಿತು. ಒಂದು ಮಧ್ಯಾಹ್ನ ಪಕ್ಕದ ಹೊಲದಲ್ಲಿ ಕಬ್ಬಿನ ಒಣಗರಿಗೆ ಬೆಂಕಿ ಹಚ್ಚಿದರು. ಗಾಳಿ ತಿರುಗಿ ಹೊಗೆಯೆಲ್ಲ ರಸ್ತೆಗೆ ಕವಿಯಿತು. ನಾನು ಎಣಿಸತೊಡಗಿದೆ. ಮತ್ತೆ ಒಂದು ಕಡಿಮೆ. ಅಷ್ಟರಲ್ಲಿ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್, ಟೇಪ್ ರೆಕಾರ್ಡರ್ ಜೋರಾಗಿ ಹಾಕಿಕೊಂಡು ಬಂತು. ಆ ಹಾಡಿನ ಗದ್ದಲದಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು?

ಆಗ ಹೊಗೆಯಲ್ಲಿ ಒಂದು ಕಿತ್ತಳೆ ಅಂಗಿ ಓಡಿತು. ಮಾವ. ಸೊಸೆ ಮನೆಗೆ ಬಂದ ಆರು ವರ್ಷದಿಂದ ಅವಳ ಮುಖ ನೋಡಿ ಮಾತಾಡದಿದ್ದವನು, ಅವಳ ತಲೆಯ ಮೇಲಿನ ಸೆರಗಿಗೇ ಕೈಹಾಕಿ ಎಳೆದ. ಅವಳ ಬೆನ್ನ ಪಟ್ಟಿ ಫಳಕ್ ಎಂದಿತು. ಡ್ರೈವರ್ ಬ್ರೇಕ್ ತುಳಿದ. ಟ್ರ್ಯಾಕ್ಟರಿನ ಗಾಲಿ ಅವಳ ಜಲ್ಲಿ ಬುಟ್ಟಿಯನ್ನು ಚಪ್ಪಟೆ ಮಾಡಿ ನಿಂತಿತು. ಎಳೆದ ರಭಸಕ್ಕೆ ಬಿದ್ದು ಅವಳಿಗೆ ಮೊಣಕೈ ತರಚಿತ್ತು, ಅಷ್ಟೆ.

ಮುದುಕನ ಕೈಯಲ್ಲಿ ಸೆರಗು ಇನ್ನೂ ಇತ್ತು. ಅದನ್ನು ಬಿಟ್ಟು, ಮುಖ ತಿರುಗಿಸಿ ನಿಂತು, ಹೆಂಗಸರಂತೆ ಬಿಕ್ಕಿ ಅತ್ತ. ಜೀವ ಉಳಿದದ್ದಕ್ಕೋ, ಮರ್ಯಾದೆ ಹೋದದ್ದಕ್ಕೋ, ಕೇಳುವ ಧೈರ್ಯ ನನಗಿರಲಿಲ್ಲ.

ಸಂಜೆ ಕೆಲಸ ಬಿಟ್ಟಾಗ ನಾನೇ ಅವರ ಹತ್ತಿರ ಹೋದೆ. ಬೈಯಲು ಬಾಯಿ ಬರಲಿಲ್ಲ. "ತಂಗೀ, ನಿನಗ ಹ್ಯಾಂಗಿದ್ರ ಅನುಕೂಲ ಆಗತೈತಿ, ನೀನ ಹೇಳವಾ" ಎಂದೆ. ಮಾವ ಎದ್ದು ದೂರ ಹೋಗಿ, ನಮಗೆ ಬೆನ್ನು ಮಾಡಿ ನಿಂತ. ಅವಳು ಮಾತಾಡಲಿ ಎಂದೇ ಹಾಗೆ ಮಾಡಿದ.

"ಕೂಸಿಗೆ ಕುಂಚಿಗಿ ಹೊಲೀತೀವಲ್ರಿ, ತಲಿಯಿಂದ ಬೆನ್ನತನಕ ಇಳಿಬೀಳೂದು," ಎಂದಳು, ಸೆರಗಿನೊಳಗಿಂದಲೇ. "ಇದ ಅಂಗಿ ಅರಿವ್ಯಾಗ, ಬೆನ್ನಿಗೆ ಪಟ್ಟಿ ಹಚ್ಚಿ, ಹಂಗೊಂದ ಹೊಲಿಸಿಕೊಡ್ರಿ. ತಲೀನೂ ಮುಚ್ಚತೈತಿ, ಪಟ್ಟೀನೂ ಕಾಣತೈತಿ."

ಎಷ್ಟು ಸುಲಭದ ಮಾತು! ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. "ಅಲ್ಲವಾ, ಇದನ್ನ ಮೊದಲ ದಿನಾನ ಹೇಳಬಾರದಾಗಿತ್ತೇನು?"

"ಮೊದಲ ದಿನಾ ನೀವು ಬೈದ್ರಿ" ಎಂದಳು. "ಕೇಳಿದ್ದು ಇವತ್ತ ರೀ."